ಸಾಕ್ಷಿಯೂ ನಡೆಯೂ: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ವಿಶ್ವಾಸಕಥನಗಳ ಒಂದು ವಿಮರ್ಶೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯ ಸಣ್ಣ ಸಭೆಗಳಲ್ಲಿ, ಭಾನುವಾರದ ಆರಾಧನೆಯ ನಡುವೆಯೋ ಮನೆಕೂಟದ ಕೊನೆಯಲ್ಲೋ, ವಿಶ್ವಾಸಿಗಳು ಎದ್ದು ನಿಂತು ಸಾಕ್ಷಿ ಹೇಳುವ ಪದ್ಧತಿಯುಂಟು. ಐದು ನಿಮಿಷಗಳಲ್ಲಿ ಮುಗಿದುಹೋಗುವ ಈ ಮಾತನ್ನು ದೈವಶಾಸ್ತ್ರದ ಅಧ್ಯಯನವು ಭಕ್ತಿಯ ಉದ್ಗಾರವೆಂದು ಗೌರವಿಸಿ ಬದಿಗಿರಿಸುವುದೇ ಹೆಚ್ಚು. ಆದರೆ ಸಾಕ್ಷಿಯೂ ಒಂದು ಕಥನಪ್ರಕಾರ. ಅದಕ್ಕೆ ತನ್ನದೇ ಕಟ್ಟು ಇದೆ. ಆ ಕಟ್ಟು ಕೆಲವು ಅನುಭವಗಳನ್ನು ಒಳಕ್ಕೆ ಕರೆದುಕೊಂಡು ಕೆಲವನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಹೊರಗೆ ನಿಂತವು ಯಾವುವು, ಅವು ಹೊರಗುಳಿದುದರಿಂದ ಸಭೆಗೆ ಆದ ನಷ್ಟವೇನು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಸಾಕ್ಷಿಯ ಕಟ್ಟು ಸಭೆಗೆ ಬರುವವರೆಲ್ಲರಿಗೂ ಪರಿಚಿತವೇ. ಮೊದಲು ಹಿಂದಿನ ಬಾಳು: ಕುಡಿತ, ಸಾಲ, ವಾಸಿಯಾಗದ ಕಾಯಿಲೆ, ಮಾಟದ ಭಯ. ಬಳಿಕ ‘ಆ ದಿನ’: ಯಾರೋ ಕರೆದರು, ಪ್ರಾರ್ಥನೆ ಮಾಡಿದರು, ಜ್ವರ ಬಿಟ್ಟಿತು. ಕೊನೆಗೆ ಇಂದಿನ ಸಮಾಧಾನ, ಅದರ ಹಿಂದೆಯೇ ಕರ್ತನಿಗೆ ಸ್ತೋತ್ರ. ಈ ಕಟ್ಟಿಗೆ ಇಬ್ಬರು ಹಿರಿಯರಿದ್ದಾರೆಂದು ನಮಗೆ ತೋರುತ್ತದೆ. ಒಂದು, ಪಾಶ್ಚಾತ್ಯ ಸುವಾರ್ತಾಚಳವಳಿಗಳು ತಂದ, ಒಂದು ಗಳಿಗೆಯ ಮೇಲೆ ಎಲ್ಲವನ್ನೂ ನಿಲ್ಲಿಸುವ ಮಾನಸಾಂತರದ ಕಥನ. ಇನ್ನೊಂದು, ಈ ನೆಲದ್ದೇ ಆದ ಹರಕೆ. ನಾಯಕನಹಟ್ಟಿಯ ತೇರಿಗೂ ಗೌರಸಮುದ್ರದ ಮಾರಮ್ಮನ ಜಾತ್ರೆಗೂ ಹೋಗಿ ಬೆಳೆದ ಜನಕ್ಕೆ ಹರಕೆಯ ಕ್ರಮ ಗೊತ್ತು: ಕಷ್ಟ, ಬೇಡಿಕೆ, ಪರಿಹಾರ, ನಾಲ್ಕು ಜನರೆದುರು ಒಪ್ಪಿಸುವ ಕಾಣಿಕೆ. ವಾಸಿಯಾದ ಕಾಯಿಲೆಯ ಸಾಕ್ಷಿ ಈ ಕ್ರಮವನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸುತ್ತದೆ. ಇದನ್ನು ಹಳೆಯ ಧರ್ಮದ ಉಳಿಕೆಯೆಂದು ಹಳಿಯುವವರಿದ್ದಾರೆ, ನಾವು ಹಳಿಯುವುದಿಲ್ಲ. ಕೃತಜ್ಞತೆಗೂ ಒಂದು ಭಾಷೆ ಬೇಕಾಗುತ್ತದೆ, ಜನ ತಮ್ಮಲ್ಲಿರುವ ಭಾಷೆಯಲ್ಲೇ ಕೃತಜ್ಞರಾಗುತ್ತಾರೆ. ತೊಡಕು ಬೇರೆಡೆ ಇದೆ. ತೀರಿಸಿದ ಹರಕೆಯ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ವಿಶ್ವಾಸದ ಲೆಕ್ಕ ಹಾಗೆ ಮುಗಿಯುವಂಥದಲ್ಲ.

ಕಟ್ಟಿಗೆ ಹೊಂದದ ಸಾಕ್ಷಿಯೊಂದನ್ನು ಮೊಳಕಾಲ್ಮೂರಿನ ಕಡೆ ನಾವು ಕೇಳಿದ್ದುಂಟು. ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸದ ಮಧ್ಯವಯಸ್ಸಿನ ಹೆಣ್ಣುಮಗಳು. ಆಕೆಯ ಕಥೆಯಲ್ಲಿ ಕುಡಿತವಿರಲಿಲ್ಲ, ಕಾಯಿಲೆಯಿರಲಿಲ್ಲ. ಅತ್ತೆ ಕೂಟಕ್ಕೆ ಹೋಗುತ್ತಿದ್ದಳು, ಮಗುವನ್ನೆತ್ತಿಕೊಂಡು ಸೊಸೆಯೂ ಹೋದಳು. ಕೆಲವು ವರ್ಷ ಏನೂ ಅರ್ಥವಾಗಲಿಲ್ಲ. ಹಾಡು ಮಾತ್ರ ಬಾಯಿಗೆ ಬಂತು. ಗಂಡ ತೀರಿದಾಗ ಎರಡು ವರ್ಷ ಹೋಗಲೇ ಇಲ್ಲ, ದೇವರ ಮೇಲೆ ಸಿಟ್ಟಿತ್ತು. ಮತ್ತೆ ಹೋಗತೊಡಗಿದ್ದು ಯಾಕೆಂದು ಹೇಳಲು ಆಕೆಗೆ ಬರಲಿಲ್ಲ. ಕೂಟ ನಡೆಸುತ್ತಿದ್ದವರು, ‘ರಕ್ಷಣೆ ಹೊಂದಿದ ದಿನ ಯಾವುದಮ್ಮ?’ ಎಂದು ಮೆಲ್ಲಗೆ ಕೇಳಿದರು. ‘ದಿನ ಗೊತ್ತಿಲ್ಲ ಅಯ್ಯನೋರೆ, ನಡಕಂಡು ಬಂದೀನಿ’ ಎಂದು ಹೇಳಿ ಆಕೆ ಕುಳಿತಳು. ಸಭೆ ಸ್ತೋತ್ರ ಹೇಳಲು ಎಡೆ ಸಿಗದೆ ಒಂದು ಕ್ಷಣ ಸುಮ್ಮನಾಯಿತು. ಮುಂದಿನವರ ಸಾಕ್ಷಿ ಮೊದಲಾಯಿತು.

ಆಕೆ ಬಳಸಿದ ಕ್ರಿಯಾಪದವನ್ನು ನಾವು ಗಂಭೀರವಾಗಿ ಪರಿಗಣಿಸಬೇಕು. ನಮ್ಮ ಹಳ್ಳಿಗಳಲ್ಲಿ ‘ನೀವು ಯಾವ ದೇವರಿಗೆ ನಡಕೊಳ್ತೀರಿ?’ ಎಂದು ಕೇಳುವುದು ವಾಡಿಕೆ. ಒಂದು ಮನೆತನ ಒಂದು ದೇವರಿಗೆ ‘ನಡೆದುಕೊಳ್ಳುವುದು’ ಎಂದರೆ ವರ್ಷದ ಸುತ್ತಿನಲ್ಲಿ ಅದಕ್ಕೆ ಸಲ್ಲಿಸಬೇಕಾದುದನ್ನು ಸಲ್ಲಿಸುತ್ತಾ, ಅದರ ಕಟ್ಟಳೆಗೆ ತಕ್ಕ ಹಾಗೆ ಬಾಳುತ್ತಾ, ಮಕ್ಕಳನ್ನೂ ಅದಕ್ಕೆ ಒಗ್ಗಿಸುತ್ತಾ ಹೋಗುವುದು. ಅದು ಒಂದು ದಿನದ ಕೆಲಸವಲ್ಲ, ಒಬ್ಬರ ಕೆಲಸವೂ ಅಲ್ಲ. ‘ನಡೆ’ ಎಂಬುದಕ್ಕೆ ಚಲನೆ, ಆಚಾರ ಎಂಬ ಎರಡೂ ಅರ್ಥಗಳಿವೆ. ನಮ್ಮ ದೈವಶಾಸ್ತ್ರೀಯ ಕನ್ನಡದಲ್ಲಿ ‘ಪರಿಶುದ್ಧೀಕರಣ’ವೆಂಬ ಪದ ಸಾಧಿಸದ ಒಂದನ್ನು ಈ ಆಡುಮಾತು ಸಾಧಿಸುತ್ತದೆ: ಬೆಳವಣಿಗೆಯನ್ನು ಅದು ಕಾಲಿನಿಂದ ಅಳೆಯುತ್ತದೆ. ಇದಕ್ಕೆ ಎದುರಾಗಿ ‘ಸಾಕ್ಷಿ’ ಮೂಲತಃ ನ್ಯಾಯಸ್ಥಾನದ ಮಾತು. ಸಾಕ್ಷಿದಾರನನ್ನು ಕೇಳುವುದು ಎಂದು, ಎಲ್ಲಿ, ಏನು ನಡೆಯಿತೆಂದು.

ಈ ಸೀಮೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಬರೆಹವೇ ಆಧ್ಯಾತ್ಮಿಕ ನಡೆಯನ್ನು ಕುರಿತದ್ದೆಂಬುದು ಇಲ್ಲಿ ಅಪ್ರಸ್ತುತವಾಗದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲೆ ಕ್ರಿ.ಪೂ. 3ನೆಯ ಶತಮಾನದಲ್ಲಿ ಕೊರೆಸಿದ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಚಕ್ರವರ್ತಿ ಅಲ್ಲಿ ಗೆಲುವನ್ನು ಹೇಳಿಕೊಳ್ಳುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದೂ, ಅದರಲ್ಲಿ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲಿನ ವರ್ಷವೊಂದಕ್ಕಿಂತ ತುಸು ಹೆಚ್ಚಿನ ಕಾಲದಲ್ಲಿ ಮಾತ್ರ ತೀವ್ರವಾಗಿ ಶ್ರಮಿಸಿದೆನೆಂದೂ ಹೇಳಿಸಿದ್ದಾನೆ. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಅಲ್ಪನೂ ಶ್ರಮಿಸಿದರೆ ಪಡೆಯಬಲ್ಲನು ಎಂಬುದು ಅದರ ಮುಂದಿನ ಮಾತು. ದೀಕ್ಷೆಯ ಬಳಿಕದ ಒಂದು ಸೋಮಾರಿ ವರ್ಷವನ್ನು ಬಂಡೆಯ ಮೇಲೆ ದಾಖಲಿಸುವ ಈ ಪ್ರಾಮಾಣಿಕತೆಯನ್ನು ನಮ್ಮ ಸಾಕ್ಷಿಗಳಲ್ಲಿ ನಾವು ಕೇಳಿರುವುದು ಬಲು ವಿರಳ. ಅಶೋಕನ ಒತ್ತು ಮಾನವಪ್ರಯತ್ನದ ಮೇಲಿದೆ, ಕ್ರೈಸ್ತವಿಶ್ವಾಸದ ಒತ್ತು ಕೃಪೆಯ ಮೇಲೆ. ಈ ಅಂತರ ಸಣ್ಣದಲ್ಲ. ಆದರೂ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಪೌಲನು ವಿಶ್ವಾಸಿಗಳ ಶ್ರಮವನ್ನೂ ಅವರೊಳಗೆ ಕೆಲಸಮಾಡುವ ದೇವರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಕೃಪೆ ನಿಧಾನವಾಗಿ ಕೆಲಸಮಾಡಬಾರದೆಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಸತ್ಯವೇದವೇ ಈ ನಿಧಾನಕ್ಕೆ ಎಡೆಮಾಡಿಕೊಡುತ್ತದೆ. ಬೇತ್ಸಾಯಿದದ ಕುರುಡನಿಗೆ (ಮಾರ್ಕ 8:22-26) ದೃಷ್ಟಿ ಬಂದದ್ದು ಎರಡು ಹಂತಗಳಲ್ಲಿ. ಮೊದಲ ಸ್ಪರ್ಶದಲ್ಲಿ ಜನರು ಅವನಿಗೆ ನಡೆದಾಡುವ ಮರಗಳಂತೆ ಕಂಡರು. ಅದೇ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ, ಬಿತ್ತಿದವನಿಗೇ ತಿಳಿಯದಂತೆ ಬೆಳೆಯುವ ಬೀಜದ ಸಾಮ್ಯವಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ ಶೇಂಗಾ ಬಿತ್ತುವವರಿಗೆ ಈ ಸಾಮ್ಯವನ್ನು ವಿವರಿಸಿ ಹೇಳಬೇಕಿಲ್ಲ. ಶೇಂಗಾದ ಹೂವು ನೆಲದ ಮೇಲೆ ಅರಳಿ ಕಾಯಿ ಮಣ್ಣೊಳಗೆ ಕಟ್ಟುತ್ತದೆ. ಕಾಯಿ ಕಟ್ಟಿತೇ ಎಂದು ನೋಡಲು ಗಿಡವನ್ನು ಕಿತ್ತರೆ ಆ ಗಿಡ ಹೋಯಿತು. ದಮಸ್ಕದ ದಾರಿಯ ಪೌಲನನ್ನೇ ಎಲ್ಲರಿಗೂ ಮಾದರಿಯಾಗಿ ನಿಲ್ಲಿಸುವವರು ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯವನ್ನು ಮರೆಯುತ್ತಾರೆ: ಆ ದಿನಕ್ಕೂ ಅವನು ಯೆರೂಸಲೇಮಿಗೆ ಹೋದ ದಿನಕ್ಕೂ ನಡುವೆ ಮೂರು ವರ್ಷಗಳಿವೆ. ಅವನ ಶಿಷ್ಯ ತಿಮೊಥೆಗಂತೂ ದಮಸ್ಕವೇ ಇಲ್ಲ. ಅಜ್ಜಿ ಲೋವಿ, ತಾಯಿ ಯೂನಿಕೆ, ಅಷ್ಟೆ. ಅತ್ತೆಯ ಹಿಂದೆ ಮಗುವನ್ನೆತ್ತಿಕೊಂಡು ಹೋದ ಸೊಸೆಯ ಸಾಕ್ಷಿ ಈ ವಂಶಕ್ಕೆ ಸೇರಿದ್ದು.

ಹೀಗಿದ್ದರೂ ನಮ್ಮ ದಾಖಲೆಗಳಲ್ಲಿ ಉಳಿದಿರುವುದು ಪೌಲನ ಮಾದರಿಯವರೇ. ಬಾಸೆಲ್ ಮಿಷನ್ನಿನ ಕನ್ನಡ ಕೆಲಸದಲ್ಲಿ ಅತ್ಯಂತ ವಿವರವಾಗಿ ಬರೆಯಲ್ಪಟ್ಟ ವಿಶ್ವಾಸಯಾತ್ರೆಗಳಲ್ಲಿ ಒಂದು ಹೆರ್ಮನ್ ಆನಂದರಾವ್ ಕೌಂಡಿನ್ಯರದು. ಮಂಗಳೂರಿನಲ್ಲಿ ಮೋಗ್ಲಿಂಗ್ ಅವರ ಶಾಲೆಯ ವಿದ್ಯಾರ್ಥಿಯಾಗಿದ್ದ ಈ ಸಾರಸ್ವತ ಬ್ರಾಹ್ಮಣ ತರುಣ 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. ಬಾಸೆಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿದರು. ಅವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೇಲ್ಜಾತಿಯ ತರುಣ, ಒಂದು ದಿನ, ಊರಿನ ಕೋಲಾಹಲ ಎಂಬ ಆ ಕಥೆಗಿದ್ದ ಓದುಗರು ಕುಟುಂಬ ಕುಟುಂಬವಾಗಿ ಬಂದ ದುಡಿಯುವ ಜನರ ಕಥೆಗಿರಲಿಲ್ಲ. ಮೊಳಕಾಲ್ಮೂರಿಗೆ ನೆರೆಯ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಆರಂಭಿಸಿದ ಲಂಡನ್ ಮಿಷನ್ನಿನ ಕೆಲಸದ ವಿಷಯದಲ್ಲೂ ನಮಗೆ ನೆನಪಿರುವುದು ಭಾಷಾಂತರಕಾರರೂ ನಿಘಂಟುಕಾರರೂ. ಹಿಂದಿನ ಸಾಲಿನಲ್ಲಿ ಕುಳಿತವರ ಹೆಸರು ದೀಕ್ಷಾಸ್ನಾನದ ದಫ್ತರಿನಲ್ಲಿ ಒಂದು ಸಾಲಾಗಿ, ಒಂದು ತಾರೀಖಾಗಿ ಮುಗಿಯುತ್ತದೆ.

ಜಾನ್ ಬನ್ಯನನ ಯಾತ್ರಿಕನಿಗೂ ಇದೇ ಗತಿಯಾಗಿದೆ. ‘ಯಾತ್ರಿಕನ ಸಂಚಾರ’ವೆಂದು 19ನೆಯ ಶತಮಾನದಲ್ಲೇ ಕನ್ನಡಕ್ಕೆ ಬಂದ ಈ ಕೃತಿಯಿಂದ ನಮ್ಮ ಪ್ರಸಂಗಗಳು ಎತ್ತಿಕೊಳ್ಳುವುದು, ಹೆಂಡತಿಮಕ್ಕಳನ್ನು ಬಿಟ್ಟು ಕಿವಿ ಮುಚ್ಚಿಕೊಂಡು ಓಡುವ ಒಂಟಿ ಯಾತ್ರಿಕನನ್ನು. ಅದು 1678ರಲ್ಲಿ ಪ್ರಕಟವಾದ ಮೊದಲ ಭಾಗ. 1684ರಲ್ಲಿ ಬನ್ಯನನು ಎರಡನೆಯ ಭಾಗವನ್ನು ಬರೆದು ಆ ಹೆಂಡತಿಯನ್ನೂ ಮಕ್ಕಳನ್ನೂ ನೆರೆಮನೆಯ ಹುಡುಗಿಯನ್ನೂ ಅದೇ ದಾರಿಯಲ್ಲಿ ನಡೆಸಿದನು. ಅಲ್ಲಿ ಊರುಗೋಲಿನವನಿದ್ದಾನೆ, ಅಂಜುಬುರುಕನಿದ್ದಾನೆ, ದಾರಿಯಲ್ಲೇ ಮದುವೆಗಳಾಗುತ್ತವೆ, ಮಕ್ಕಳು ಹುಟ್ಟುತ್ತವೆ. ದಾರಿ ತೋರುವವನು ಹಿಂದುಳಿದವರಿಗಾಗಿ ತನ್ನ ಹೆಜ್ಜೆ ತಗ್ಗಿಸುತ್ತಾನೆ. ಕಲಾಕೃತಿಯಾಗಿ ಮೊದಲ ಭಾಗವೇ ಮೇಲೆಂಬುದು ನಿಜ. ಸಭೆಯ ಚಿತ್ರವಾಗಿ ನಾವು ಎರಡನೆಯದನ್ನೇ ಆರಿಸಿಕೊಳ್ಳುತ್ತೇವೆ.

ಇಲ್ಲಿಯವರೆಗಿನ ಮಾತು ಕಥನರೂಪವನ್ನು ಕುರಿತದ್ದು. ಆದರೆ ‘ಆ ದಿನ’ವನ್ನು ಕೇಳುವವರು ಸಭೆಯೊಳಗೆ ಮಾತ್ರ ಇಲ್ಲ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೆಯ ಪರಿಚ್ಛೇದವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೂ, 1956ರ ತಿದ್ದುಪಡಿಯಿಂದ ಸಿಖ್ಖರಿಗೂ, 1990ರ ತಿದ್ದುಪಡಿಯಿಂದ ಬೌದ್ಧರಿಗೂ ಸೀಮಿತಗೊಳಿಸಿದೆ. ಕ್ರೈಸ್ತನೆಂದು ಹೇಳಿಕೊಂಡ ಮಾದಿಗನಿಗೆ ಆ ಮಾನ್ಯತೆ ಇಲ್ಲ. ಕೇರಿ ಅದೇ, ಬಾವಿಕಟ್ಟೆಯ ಅನುಭವವೂ ಅದೇ. ಇದರ ಮೇಲೆ, ಮತಾಂತರ ನಿಷೇಧ ಕಾಯಿದೆಯೆಂದೇ ಜನರ ಬಾಯಲ್ಲಿರುವ ಕರ್ನಾಟಕದ 2022ರ ಕಾಯಿದೆಯು, ಧರ್ಮ ಬದಲಿಸುವವರು 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದೂ, ಬದಲಿಸಿದ 30 ದಿನಗಳೊಳಗೆ ಮತ್ತೊಂದು ಸಲ್ಲಿಸಬೇಕೆಂದೂ ವಿಧಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ ಕಾಯಿದೆಯನ್ನು ರದ್ದುಗೊಳಿಸಲು ತೀರ್ಮಾನಿಸಿತು. ಅದರ ರಾಜಕೀಯ ನಮ್ಮ ಈ ಲೇಖನದ ವಿಷಯವಲ್ಲ. ಅದರ ಕಥನಕಲ್ಪನೆ ನಮ್ಮ ವಿಷಯ. ವಿಶ್ವಾಸವೆಂದರೆ ತಾರೀಖಿರುವ ಒಂದು ಘಟನೆ, ಅದಕ್ಕೆ ಹೊರಗಿನಿಂದ ಬಂದ ಒಂದು ಕಾರಣವಿರಬೇಕು, ಆ ಕಾರಣವನ್ನು ವಿಚಾರಣೆ ಮಾಡಬಹುದು ಎಂಬುದು ಆ ಕಲ್ಪನೆ. ನಮ್ಮ ವೇದಿಕೆಯ ಸಾಕ್ಷಿ ಹೇಳುವುದೂ ಇದನ್ನೇ. ‘ಅವರು ಬಂದರು, ಪ್ರಾರ್ಥಿಸಿದರು, ಕಾಯಿಲೆ ಹೋಯಿತು, ಅಂದೇ ನಂಬಿದೆ’ ಎಂಬ ಮಾತು ಒಂದು ಕಿವಿಗೆ ಸ್ತೋತ್ರವಾದರೆ ಇನ್ನೊಂದು ಕಿವಿಗೆ ಆಮಿಷದ ಹೇಳಿಕೆ. ದೇವರ ಕೆಲಸವನ್ನು ಒಂದೇ ದಿನದಲ್ಲಿ ತುರುಕಿದ ಕಥನವನ್ನು ನಾವೇ ಬೆಳೆಸಿ, ಅಧಿಕಾರಸ್ಥರು ಅದನ್ನು ಅಕ್ಷರಶಃ ಓದಿದರೆಂದು ದೂರುವುದು ಅಷ್ಟು ಸಮಂಜಸವಲ್ಲ. ಅತ್ತೆಯ ಕಾಲದಿಂದ ಹತ್ತಾರು ವರ್ಷ ‘ನಡಕಂಡು ಬಂದ’ವಳು ಯಾವ ದಿನಕ್ಕೆ 30 ದಿನ ಮೊದಲು ಘೋಷಣೆ ಬರೆಯಬೇಕು?

ನಮ್ಮ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ನಡೆಯನ್ನು ಇಷ್ಟು ಹೊಗಳಿದರೆ ನಿರ್ಧಾರವನ್ನು ಎಂದೆಂದಿಗೂ ಮುಂದೂಡುವವರಿಗೆ ಅದೇ ನೆಪವಾಗದೇ? ಶಿಲುಬೆಯನ್ನು ಹೊರಲು ಒಲ್ಲದವನು ‘ನಾನಿನ್ನೂ ದಾರಿಯಲ್ಲಿದ್ದೇನೆ’ ಎಂದು ಹೇಳಿಕೊಂಡು ಹೊಸ್ತಿಲಲ್ಲೇ ಆಯುಷ್ಯ ಕಳೆಯಲಾರನೇ? ಕಳೆಯಬಲ್ಲನು, ಅಂಥವರಿದ್ದಾರೆ. ಯೋಹಾನನ ಸುವಾರ್ತೆಯ ನಿಕೊದೇಮನು ಈ ಪ್ರಶ್ನೆಗೆ ಉತ್ತರವಲ್ಲದಿದ್ದರೂ ಒಂದು ದೃಷ್ಟಾಂತ. 3ನೆಯ ಅಧ್ಯಾಯದಲ್ಲಿ ಅವನು ಬರುವುದು ರಾತ್ರಿಯಲ್ಲಿ. 7ನೆಯದರಲ್ಲಿ ಹಿರೀಸಭೆಯವರ ನಡುವೆ, ಒಬ್ಬನ ಮಾತನ್ನು ಕೇಳದೆ ತೀರ್ಪು ಕೊಡಬಹುದೇ ಎಂದಷ್ಟೇ ಕೇಳಿ ಬೈಸಿಕೊಳ್ಳುತ್ತಾನೆ. 19ನೆಯದರಲ್ಲಿ, ಬಹಿರಂಗ ಶಿಷ್ಯರು ಕಾಣದಿರುವಾಗ, ನೂರು ಸೇರಿನಷ್ಟು ಸುಗಂಧದ್ರವ್ಯ ಹೊತ್ತು ಸಮಾಧಿಗೆ ಬರುತ್ತಾನೆ. ಅವನು ನಂಬಿದ ದಿನವನ್ನು ಯೋಹಾನನು ಎಲ್ಲಿಯೂ ಬರೆಯಲಿಲ್ಲ. ಅವನು ಮಾಡಿದ್ದನ್ನು ಬರೆದನು. ನಡೆಗೂ ಪರೀಕ್ಷೆಯುಂಟು, ಅದು ತಾರೀಖಿನ ಪರೀಕ್ಷೆಯಲ್ಲ. ದೀಕ್ಷಾಸ್ನಾನಕ್ಕೆ ಕಾಯುತ್ತಿರುವ ಇಂಥವರ ವಿಷಯದಲ್ಲಿ ಕರ್ತನ ಮೇಜಿನ ಶಿಸ್ತು ಹೇಗಿರಬೇಕೆಂಬ ಪ್ರಶ್ನೆ ಇದರಿಂದ ಬಗೆಹರಿಯಿತೆಂದು ನಾವು ಹೇಳುವುದಿಲ್ಲ. ಅದಕ್ಕೆ ಬೇರೆಯೇ ಲೇಖನ ಬೇಕು.

ಸದ್ಯಕ್ಕೆ ಕೈಗೆಟಕುವ ಕೆಲಸ ಚಿಕ್ಕದು. ಗ್ರಾಮವಾಸಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಈ ಸೀಮೆಯ ವಿಶ್ವಾಸಿಗಳ ಮಾತನ್ನು ಬರೆದುಕೊಳ್ಳುವಾಗ ಹೆಸರು, ಊರುಗಳನ್ನು ಬಿಡಲಿ; ಅದು ಈಗ ಬರಿಯ ಸೌಜನ್ಯವಲ್ಲ, ಅವರ ಪಾಡಿಗೆ ಸಂಬಂಧಿಸಿದ್ದು. ‘ಎಂದು ನಂಬಿದಿರಿ?’ ಎಂಬುದನ್ನು ಮೊದಲ ಪ್ರಶ್ನೆಯಾಗಿ ಇಟ್ಟುಕೊಳ್ಳದಿರಲಿ. ನಿಮ್ಮನ್ನು ಮೊದಲು ಕರೆದುಕೊಂಡು ಹೋದವರು ಯಾರು? ಅರ್ಥವಾಗದಿದ್ದ ವರ್ಷಗಳಲ್ಲಿ ಏನು ಹಿಡಿದು ನಿಲ್ಲಿಸಿತು? ಮಳೆ ಬಾರದ ವರ್ಷ ಯಾವ ಪ್ರಾರ್ಥನೆ ಮಾಡಿದಿರಿ, ಯಾವುದನ್ನು ಮಾಡಲಾಗಲಿಲ್ಲ? ನೀವು ಬರುವುದನ್ನು ನಿಲ್ಲಿಸಿದ ಕಾಲದಲ್ಲಿ ಸಭೆಯಿಂದ ನಿಮ್ಮ ಮನೆಗೆ ಯಾರು ಬಂದರು?