ಗೂಡ್ಸ್ ಗಾಡಿಯ ಮೈ ಓದಲು ಕಲಿಯಿರಿ

ಹೋದ ತಿಂಗಳು ರಾಯಚೂರಿನ ತಂಗಿಯ ಮನೆಯಲ್ಲಿ ಉಳಿದು, ನಸುಕಿನಲ್ಲೇ ದೇವಸೂಗೂರಿನ ಕೃಷ್ಣಾ ದಂಡೆಗೆ ಹೋಗಿದ್ದೆ. ಪಕ್ಕದಲ್ಲಿ ನಾಲ್ಕು ಹುಡುಗರಿದ್ದರು. ಕಲಬುರಗಿಯಿಂದ ಬೆಂಗಳೂರಿಗೆ ಹೋಗುವ ವಂದೇ ಭಾರತ್ ಸೇತುವೆ ದಾಟಿತು. ರೀಲ್ ಮಾಡಿದರು, ಬೈಕ್ ಹತ್ತಿದರು, ಹೋದರು. ಇನ್ನೊಂದು ಅರ್ಧ ತಾಸು ನಿಂತಿದ್ದರೆ ಕಲ್ಲಿದ್ದಲು ಹೇರಿಕೊಂಡ 58 ವ್ಯಾಗನ್ನಿನ ರೇಕು ಕಾಣುತ್ತಿತ್ತು. ಅದು ಬಂದಾಗ ನೋಡಲು ನಾನೊಬ್ಬನೇ ಇದ್ದೆ.

ವಂದೇ ಭಾರತ್ ಎಂದರೆ ಉದ್ದಕ್ಕೂ ಒಂದೇ ಥರದ ಡಬ್ಬಿ, ಒಂದೇ ಬಣ್ಣ, ಕಣ್ಣು ಮಿಟುಕಿಸುವುದರೊಳಗೆ ಮಾಯ. ಅದರಲ್ಲಿ ನೋಡುವುದೇನಿದೆ? ದೂಧ್‌ಸಾಗರ್ ಜಲಪಾತದ ಮುಂದೆ ರೈಲು ನಿಲ್ಲಿಸಿದಂತೆ ಫೋಟೊ ತೆಗೆಯುವವರದೂ ಇದೇ ಕಥೆ. ಅವರು ನೋಡುವುದು ನೀರನ್ನು, ರೈಲನ್ನಲ್ಲ. ಗೂಡ್ಸ್ ಗಾಡಿ ಹಾಗಲ್ಲ. ಅದು ನಿಧಾನಕ್ಕೆ ಬರುತ್ತದೆ, ಅರ್ಧ ಕಿಲೋಮೀಟರಿಗೂ ಮಿಕ್ಕಿ ಉದ್ದ ಇರುತ್ತದೆ, ಒಂದೊಂದು ವ್ಯಾಗನ್ನಿನ ಮೈಮೇಲೂ ಅದರ ಜಾತಕ ಬರೆದಿರುತ್ತದೆ.

ಆ ಜಾತಕ ಓದಲು ನನಗೆ ಕಲಿಸಿದವರು ರಾಯಚೂರಿನ ಒಬ್ಬ ನಿವೃತ್ತ ಟಿಎಕ್ಸ್‌ಆರ್, ಅಂದರೆ ವ್ಯಾಗನ್ನುಗಳನ್ನು ತಪಾಸಣೆ ಮಾಡುತ್ತಿದ್ದವರು. ಕಾಲೇಜಿನ ದಿನಗಳಲ್ಲಿ ಗೇಟು ಬಿದ್ದಾಗಲೆಲ್ಲ ನಾನು ಎಂಜಿನ್ ನೋಡಿ ಮುಖ ತಿರುಗಿಸುತ್ತಿದ್ದೆ. ಅವರು ಒಂದಿನ ತೋಳು ಹಿಡಿದು ನಿಲ್ಲಿಸಿದರು. "ತಮ್ಮಾ, ಎಂಜಿನ್ ನೋಡಿ ಏನ್ ಮಾಡ್ತಿ? ಅದು ನಾಳಿಗಿ ಬ್ಯಾರೆ ಗಾಡಿಗೆ ಹತ್ತತೈತಿ. ಮೈಮ್ಯಾಲ ಬರ್ದದ್ದು ಓದು." ಅವತ್ತಿನಿಂದ ನನ್ನ ಕಣ್ಣು ಎಂಜಿನ್ನಿನ ಹಿಂದಕ್ಕೆ ಸರಿಯಿತು.

ಮೊದಲು ಅಕ್ಷರಗಳು. ಬಿಓಎಕ್ಸ್‌ಎನ್ ಎಂದಿದ್ದರೆ ಬಿ ಬೋಗಿಗೆ, ಓ ತೆರೆದ ಗಾಡಿಗೆ, ಎಕ್ಸ್ ಎತ್ತರದ ಪಕ್ಕೆಗೆ, ಎನ್ ಏರ್ ಬ್ರೇಕಿಗೆ. ಹಿಂದೆ ಎಚ್‌ಎಲ್ ಸೇರಿದ್ದರೆ ಅದು ತಾನು ಹಗುರವಾಗಿದ್ದು ಹೆಚ್ಚು ಹೊರುವ ಗಾಡಿ. ಹಳೆಯದು 58 ಟನ್ ಚಿಲ್ಲರೆ ಹೊತ್ತರೆ ಇದು 70 ಟನ್‌ವರೆಗೂ ಹೊರುತ್ತದೆ. ಬಿಸಿಎನ್ ಎಂದರೆ ಮುಚ್ಚಿದ ಗಾಡಿ. ಅದರ ಬಾಗಿಲ ಸಂದಿಯಲ್ಲಿ ಬೂದು ಪುಡಿ ಕಂಡರೆ ವಾಡಿಯ ಸಿಮೆಂಟು ನೆನಪಾಗಬೇಕು.

ಆಮೇಲೆ ಹನ್ನೊಂದು ಅಂಕಿಯ ಸಂಖ್ಯೆ. ನಿಜವಾದ ರುಚಿ ಇರುವುದು ಇದರಲ್ಲೇ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ ಹೇಳುತ್ತವೆ. 30ರ ಸಾಲಿನವು ಮುಚ್ಚಿದವು, 40ರ ಸಾಲಿನವು ಟ್ಯಾಂಕರ್. ಮುಂದಿನ ಎರಡು ಅಂಕಿ ಅದರ ಒಡೆಯ ಯಾವ ರೈಲ್ವೆ ವಲಯ ಎಂದು ಹೇಳುತ್ತವೆ. 09 ಇದ್ದರೆ ದಕ್ಷಿಣ ಮಧ್ಯ ರೈಲ್ವೆ. ಐದು, ಆರನೆಯ ಅಂಕಿಗಳು ತಯಾರಾದ ವರ್ಷ. ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಕಡೆಯ ಅಂಕಿ ಉಳಿದ ಹತ್ತನ್ನೂ ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡಲು ಇರುವ ತಾಳೆ. ಒಂದೇ ರೇಕಿನಲ್ಲಿ 88ರದ್ದೂ 14ರದ್ದೂ ಒಂದರ ಬೆನ್ನಿಗೆ ಒಂದು ಹೋಗುವುದನ್ನು ಕಂಡಾಗ ನನಗೆ ಆಗುವ ಸಂತೋಷ ಯಾವ ಹೊಸ ರೈಲು ಕೊಟ್ಟೀತು? ಊರೂರಿನ ವಲಯಗಳ ಗಾಡಿಗಳು ಒಂದು ಕೊಂಡಿಯಲ್ಲಿ ಸೇರಿ, ನಮ್ಮ ಸೀಮೆಯ ಬಿಸಿಲಲ್ಲಿ ಮೈ ಕಾಯಿಸಿಕೊಂಡು ಹೋಗುತ್ತವೆ.

ಗಾಡಿ ಹೇರಿದೆಯೋ ಬರಿದೋ ಎಂದು ತಿಳಿಯಲು ಗಾಲಿಯ ಹತ್ತಿರದ ಸ್ಪ್ರಿಂಗ್ ನೋಡಿ. ಸುರುಳಿಗಳು ಒತ್ತಿ ಕೂತಿದ್ದರೆ ಹೇರಿದ್ದು, ನಡುವೆ ಬೆಳಕು ಆಡುತ್ತಿದ್ದರೆ ಬರಿದು. ಕಣ್ಣು ಮುಚ್ಚಿಯೂ ಹೇಳಬಹುದು. ಹೇರಿದ ಗಾಡಿ ನೆಲವನ್ನು ಕುಟ್ಟುತ್ತದೆ, ಬರಿದು ಗಾಡಿ ತಗಡಿನ ಡಬ್ಬದಂತೆ ಗಲಗಲ ಎನ್ನುತ್ತದೆ.

ಜವಳಗೇರಾದವರು ಬೆಳಗಿನ ಬಸ್ಸು ಹಿಡಿದರೆ ಪೋತ್ನಾಳ, ಮಾನ್ವಿ ದಾಟಿ ರಾಯಚೂರು. ಅಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಒಂದೆರಡು ತಾಸು ಕೂತು ಸಂಖ್ಯೆ ಓದುವುದನ್ನು ರೂಢಿ ಮಾಡಿಕೊಳ್ಳಿ. ಬೊಂಬಾಯಿಯ ಕಡೆಯಿಂದ ಬಂದ ಜಿಐಪಿ ರೈಲ್ವೆಯೂ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಮಧ್ಯಾಹ್ನ ಶಕ್ತಿನಗರದ ಬಸ್ಸು ಹತ್ತಿ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ಕಲ್ಲಿದ್ದಲು ಬರುವುದು ಅದಕ್ಕೆ. ಪಕ್ಕದ ದೇವಸೂಗೂರಿನ ಕೃಷ್ಣಾ ಸೇತುವೆ ಹೆಚ್ಚುಕಡಿಮೆ ಉತ್ತರ ದಕ್ಷಿಣ ಇರುವುದರಿಂದ ಮಧ್ಯಾಹ್ನದ ಮೇಲೆ ಅದರ ಪಡುವಲಿಗೆ ನಿಂತರೆ ಬಿಸಿಲು ನಿಮ್ಮ ಬೆನ್ನಿಗಿದ್ದು, ವ್ಯಾಗನ್ನಿನ ತುಕ್ಕು ಬಂಗಾರದಂತೆ ಹೊಳೆಯುತ್ತದೆ. ಹಳಿಗೆ, ಸೇತುವೆಗೆ ಕಾಲಿಡಬೇಡಿ, ಅದು ಅಪರಾಧ. ಸ್ಥಾವರದ ಕಡೆ ಕ್ಯಾಮೆರಾ ತಿರುಗಿಸಲೂಬೇಡಿ. ಲೆನ್ಸು, ಶಟರು ನಿಮಗೆ ಗೊತ್ತಿರುವುದೇ. ಒಂದೇ ಮಾತು: ಎಂಜಿನ್ನಿನ ಮುಖಕ್ಕೆ ಫ್ರೇಮು ಕಟ್ಟಬೇಡಿ, ಇಡೀ ರೇಕು ಹಿಡಿಯಿರಿ.

ಸಿಂಧನೂರಿಗೆ 2024ರ ಮಾರ್ಚಿನಲ್ಲಿ ರೈಲು ಬಂದಾಗ ಊರೆಲ್ಲ ಹುಬ್ಬಳ್ಳಿಗೆ ಹೋಗುವ ಗಾಡಿಯ ಟೈಮು ಕೇಳಿತು. ನಾನು ಕೇಳಿದ್ದು ಭತ್ತ, ಅಕ್ಕಿ ಹೇರಲು ಬಿಸಿಎನ್ ರೇಕು ಯಾವಾಗ ಬರುತ್ತದೆ ಎಂದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದ ಈ ಸೀಮೆಯ ಅಕ್ಕಿ ಇಷ್ಟು ವರ್ಷ ಲಾರಿಯ ಮೇಲೇ ಹೋಯಿತು. ಅದು ವ್ಯಾಗನ್ನು ಹತ್ತುವುದನ್ನು ನೋಡಬೇಕೆಂಬ ಆಸೆ ನನ್ನದು.

ನೀವೂ ಬರ್ರಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಬಾಟ್ಲಿ ನೀರು ಸಾಕು. ಮುಂದಿನ ಸಲ ಗೇಟು ಬಿದ್ದಾಗ ಹಾರ್ನ್ ಹೊಡೆಯದೆ, ಬೈಕ್ ಬಂದ್ ಮಾಡಿ, ಮೊದಲ ವ್ಯಾಗನ್ನಿನಿಂದ ಎಣಿಸಲು ಶುರು ಮಾಡಿ. ಗಾರ್ಡ್ ಡಬ್ಬಿ ದಾಟುವ ತನಕ ಕದಲಬೇಡಿ.