ಮೈತ್ರಿ, ಕರುಣೆ ಮತ್ತು ಉಪೇಕ್ಷೆ

ಈಗ ನಮ್ಮ ಊರುಗಳಲ್ಲಿ ಯೋಗ ಎಂದರೆ ಬೆಳಗಿನ ಜಾವ ಕಲ್ಯಾಣಮಂಟಪದ ಮಹಡಿಯಲ್ಲಿ ಜಮಖಾನ ಹಾಸಿ ಬೆನ್ನು ಬಗ್ಗಿಸುವುದು. ಅದರಿಂದ ಮಂಡಿನೋವು ಇಳಿದವರು, ನಿದ್ದೆ ಮರಳಿ ಪಡೆದವರು ನನ್ನ ಗೆಳತಿಯರಲ್ಲೇ ಇದ್ದಾರೆ. ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ ಆ ಮಹಡಿಯ ಗೋಡೆಯ ಮೇಲೆ ಚಿತ್ರವಾಗಿ ಕುಳಿತ ಪತಂಜಲಿಯ ಯೋಗಸೂತ್ರವನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ. ಸುಮಾರು 195 ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರೇ ಮೂರು. ಕದಲದೆ, ಹಿತವಾಗಿ ಕೂರಬೇಕು ಎನ್ನುತ್ತಾನೆ, ಅಷ್ಟೆ. ಸೂರ್ಯನಮಸ್ಕಾರದ ಸುದ್ದಿಯಿಲ್ಲ, ಶೀರ್ಷಾಸನದ ಹೆಸರಿಲ್ಲ. ಉಳಿದದ್ದು ಬಹುಮಟ್ಟಿಗೆ ಮನಸ್ಸಿನ ಮಾತು.

ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳಿಗೆ ಹೋಲಿಸಿ, ಅವುಗಳನ್ನು ಸ್ಥಿರವಾಗಿ ಹಿಡಿಯುವುದನ್ನೇ ಯೋಗ ಎಂದಿತು. ಗೀತೆ ಅದನ್ನು ಕೆಲಸ ಬಿಡಲಾಗದವರ ಬಳಿಗೂ ತಂದಿತು. ಪತಂಜಲಿ ಸಾಂಖ್ಯರ ಪುರುಷ-ಪ್ರಕೃತಿ ವಿಚಾರವನ್ನು ಅಡಿಪಾಯವಾಗಿಟ್ಟುಕೊಂಡು, ಈಶ್ವರನಿಗೂ ಒಂದಿಷ್ಟು ಜಾಗ ಮಾಡಿಕೊಟ್ಟು, ಯಮದಿಂದ ಸಮಾಧಿಯವರೆಗೆ ಎಂಟು ಅಂಗಗಳ ದಾರಿ ಹಾಕಿದ. ಬಗೆಬಗೆಯ ಆಸನಗಳು ಹಠಯೋಗಿಗಳ ಕಡೆಯಿಂದ ಬಂದವು. 15ನೇ ಶತಮಾನದ ಹಠಯೋಗಪ್ರದೀಪಿಕೆಯಲ್ಲೂ ಹದಿನೈದೇ ಇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಗೆ ಬಂದರೆ 122 ಆಸನಗಳ ಚಿತ್ರಗಳು! 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು, 1934ರಲ್ಲಿ ಕನ್ನಡದಲ್ಲೇ ‘ಯೋಗಮಕರಂದ’ ಬರೆದರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಅದನ್ನು ದೇಶಾಂತರಕ್ಕೆ ಒಯ್ದರು. ಹೀಗಾಗಿ ನಮ್ಮ ಮಹಡಿಯ ಯೋಗ ಪತಂಜಲಿಗಿಂತ ಮೈಸೂರಿಗೇ ಹತ್ತಿರ.

ಪತಂಜಲಿಯ ಮನಶ್ಶಾಸ್ತ್ರ ಮಾತ್ರ ಬಲು ಸೂಕ್ಷ್ಮ. ಚಿತ್ತದ ವೃತ್ತಿಗಳು ಐದು ಎಂದು ಎಣಿಸುವಾಗ ಸರಿಯಾದ ಅರಿವು, ತಪ್ಪು ಅರಿವು, ಬರೀ ಶಬ್ದದಿಂದ ಹುಟ್ಟುವ ಕಲ್ಪನೆ, ನೆನಪು, ಇವುಗಳ ಜೊತೆಗೆ ನಿದ್ದೆಯನ್ನೂ ಸೇರಿಸುತ್ತಾನೆ. (ಹಿಂದಿನ ಬೆಂಚಿನ ಹುಡುಗರನ್ನು ಕಂಡವರು ಇದನ್ನು ಅಲ್ಲಗಳೆಯಲಾರರು.) ಈ ಚಿತ್ತ ತಿಳಿಯಾಗಲು ಅವನು ಹೇಳುವ ಉಪಾಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರನ್ನು ಕಂಡು ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ. ಬೌದ್ಧರೂ ಈ ನಾಲ್ಕನ್ನು ಬ್ರಹ್ಮವಿಹಾರವೆಂದು ಕರೆದು ಗೌರವಿಸುತ್ತಾರೆ.

ದುಃಖದಲ್ಲಿರುವವರಿಗೆ ಮರುಗುವುದು ನಮಗೆ ಅಷ್ಟು ಕಷ್ಟವಲ್ಲ. ಪಕ್ಕದ ಮನೆಯಲ್ಲಿ ಸಾವಾದರೆ ಹೇಳಿಸಿಕೊಳ್ಳದೆ ಅಡುಗೆ ಮಾಡಿ ಕಳಿಸುತ್ತೇವೆ. ಅದೇ ಮನೆಯ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕಾಗ ಪೇಡೆಯ ಡಬ್ಬಿ ಹಿಡಿದು ಬಂದವಳ ಎದುರು ನಗುವುದಿದೆಯಲ್ಲ, ಅಲ್ಲಿದೆ ಕಷ್ಟ! ಸುಖಿಗಳೊಡನೆ ಸ್ನೇಹವನ್ನೇ ಮೊದಲು ಹೇಳಿದವನಿಗೆ ಮನುಷ್ಯರ ಹೊಟ್ಟೆಕಿಚ್ಚು ಚೆನ್ನಾಗಿ ಗೊತ್ತಿತ್ತು.

ತಕರಾರಿರುವುದು ನಾಲ್ಕನೆಯದರಲ್ಲಿ. ಉಪೇಕ್ಷೆ ನಮ್ಮ ಹೆಂಗಸರಿಗೆ ಹೊಸ ಪಾಠವೇನೂ ಅಲ್ಲ. ಕುಡಿದು ಬರುವ ಗಂಡ, ಚುಚ್ಚಿ ಮಾತಾಡುವ ನಾದಿನಿ, ಬಸ್ಸಿನಲ್ಲಿ ಮೈಗೆ ತಾಗಿ ನಿಲ್ಲುವವನು, ಎಲ್ಲಕ್ಕೂ ನಮಗೆ ಸಿಕ್ಕ ಬುದ್ಧಿವಾದ ಒಂದೇ: “ತಲೆಗೆ ಹಾಕಿಕೊಳ್ಳಬೇಡಮ್ಮ, ಸುಮ್ಮನಿರು.” ಇಂಥ ಸುಮ್ಮನಿರುವಿಕೆಗೆ ಶಾಸ್ತ್ರದ ಮುದ್ರೆಯೂ ಬಿದ್ದರೆ ಕೆಟ್ಟವನಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ? ಚಿತ್ತ ಕದಡದಿರಲಿ ಎಂಬುದಷ್ಟೇ ಇಲ್ಲಿನ ಆಶಯ, ಎದುರಿಸಬೇಡ ಎಂದು ಅರ್ಥವಲ್ಲ ಎಂದು ತಿಳಿದವರು ಸಮಾಧಾನ ಹೇಳಬಹುದು. ಒಪ್ಪೋಣ. ಅಹಿಂಸೆ, ಸತ್ಯ ಮುಂತಾದ ಯಮಗಳಿಗೆ ಜಾತಿ, ದೇಶ, ಕಾಲ, ಸಂದರ್ಭಗಳ ರಿಯಾಯಿತಿ ಇಲ್ಲವೆಂದವನೂ ಅವನೇ. ಸತ್ಯ ಹೇಳಬೇಕಾದವಳು ಅನ್ಯಾಯದ ಎದುರು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಈ ಎರಡನ್ನೂ ಹೊಂದಿಸುವ ಕೆಲಸವನ್ನು ಸೂತ್ರ ನಮಗೇ ಬಿಟ್ಟಿದೆ.

ಬಿಡಲು ಕಾರಣವೂ ಇದೆ. ಇವನ ಗುರಿ ಕೈವಲ್ಯ, ಪುರುಷ ಪ್ರಕೃತಿಯಿಂದ ಬೇರೆಯಾಗಿ ಒಂಟಿಯಾಗಿ ನಿಲ್ಲುವುದು. ಮೈತ್ರಿಯೂ ಇಲ್ಲಿ ಎದುರಿನವಳಿಗಾಗಿ ಅಲ್ಲ, ನನ್ನ ಚಿತ್ತದ ತಿಳಿಗಾಗಿ. ಹಠಯೋಗಪ್ರದೀಪಿಕೆಯಂತೂ ಹೊಸ ಸಾಧಕ ಬೆಂಕಿ, ಹೆಣ್ಣು, ಪ್ರಯಾಣ ಮೂರನ್ನೂ ದೂರವಿಡಬೇಕೆನ್ನುತ್ತದೆ. ಬೆಂಕಿಯ ಮುಂದೆಯೇ ದಿನ ಕಳೆಯುವ ಹೆಣ್ಣು ಎಲ್ಲಿಗೆ ಹೋಗಬೇಕೋ!

ಯೋಗಯಾಜ್ಞವಲ್ಕ್ಯ ಎಂಬ ಇನ್ನೊಂದು ಗ್ರಂಥ ನನಗೆ ಹಿಡಿಸುವುದು ಇದಕ್ಕೇ. ಅಲ್ಲಿ ಯಾಜ್ಞವಲ್ಕ್ಯ ಯೋಗ ಹೇಳಿಕೊಡುವುದು ಗಾರ್ಗಿಗೆ. ಅವಳು ಕೇಳುತ್ತಾಳೆ, ಅವನು ಹೇಳುತ್ತಾನೆ. ಪತಂಜಲಿಯ ಎದುರು ಯಾರೂ ಕುಳಿತಿಲ್ಲ. ಕುಳಿತಿದ್ದರೆ ಉಪೇಕ್ಷೆಯ ಸೂತ್ರ ಮುಗಿದ ಕೂಡಲೇ ಅವಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದಳು.