ಗೋಲುಗಳ ಸುರಿಮಳೆಯನ್ನು ನೋಡುವ ಬಗೆ
ಕೊಡವ ಹಾಕಿ ನಮ್ಮೆಗೆ ಹೊಸದಾಗಿ ಬರುವ ರಸಿಕರಿಗೊಂದು ಕೈಪಿಡಿ

ಏಪ್ರಿಲ್ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದಿರುತ್ತದೆ, ಶಾಲೆಗಳಿಗೆ ರಜೆ ಸಿಕ್ಕಿರುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ನೌಕರಿಯಲ್ಲಿರುವವರು, ಸೈನ್ಯದಲ್ಲಿರುವವರು ರಜೆ ಹೊಂದಿಸಿಕೊಂಡು ಊರಿಗೆ ಬರುತ್ತಾರೆ. ಬಂದವರ ಬ್ಯಾಗಿನಲ್ಲಿ ಹಾಕಿ ಸ್ಟಿಕ್ ಇರುತ್ತದೆ. ಕುಟುಂಬ ಕುಟುಂಬಗಳ ನಡುವಿನ ಹಾಕಿ ಹಬ್ಬ, ಅಂದರೆ ಕೊಡವ ಹಾಕಿ ನಮ್ಮೆ ಶುರುವಾಗುವ ಕಾಲ ಅದು.

ಈ ಹಬ್ಬಕ್ಕೆ ಮೊದಲ ಸಲ ಬರುವವರು ಗೋಲುಗಳನ್ನು ಎಣಿಸುವುದರಲ್ಲೇ ಮುಳುಗಿಬಿಡುತ್ತಾರೆ. ಆರು, ಏಳು, ಎಂಟು ಎಂದು ಎಣಿಸಿ, ‘ಏಕಪಕ್ಷೀಯ ಪಂದ್ಯ’ ಎಂದು ಹೇಳಿ ಎದ್ದುಹೋಗುತ್ತಾರೆ. ಆದರೆ ದೊಡ್ಡ ಅಂತರದ ಗೆಲುವಿನಷ್ಟು ಹಾಕಿಯನ್ನು ಬಿಡಿಸಿ ತೋರಿಸುವ ಪಂದ್ಯ ಇನ್ನೊಂದಿಲ್ಲ. ಅದರಲ್ಲೂ ಸಾಂಪ್ರದಾಯಿಕ ಎದುರಾಳಿಯ ಮೇಲೆ ಬಂದ ಗೆಲುವಾದರೆ ಸಂತೋಷ ಇಮ್ಮಡಿಯಾಗುತ್ತದೆ. ಆ ಸಂತೋಷ ಬರೀ ಕೂಗಾಟದಲ್ಲಿ ಮುಗಿಯದೆ ಉಳಿದುಕೊಳ್ಳಬೇಕಾದರೆ ಕೆಲವು ಸಂಗತಿಗಳು ಗೊತ್ತಿರಬೇಕು.

ಯಾರು ಯಾರೊಡನೆ ಆಡುತ್ತಿದ್ದಾರೆ?

1997ರಲ್ಲಿ ವಿರಾಜಪೇಟೆ ಬಳಿಯ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಈ ಹಬ್ಬವನ್ನು ಹುಟ್ಟುಹಾಕಿದರು. ಎಲ್ಲರ ಬಾಯಲ್ಲೂ ಅವರು ಕುಟ್ಟಣಿ. ಆ ವರ್ಷ ಆಡಿದ್ದು 60 ಕುಟುಂಬಗಳು. ಅಲ್ಲಿಂದ ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸಿಕೊಳ್ಳುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ ಇರುತ್ತದೆ. 2018ರ ಮಳೆಗಾಲದ ಭೂಕುಸಿತಗಳಿಂದಾಗಿ 2019ರಲ್ಲಿ ಹಬ್ಬ ನಡೆಯಲಿಲ್ಲ. ಆಮೇಲಿನ ಮೂರು ವರ್ಷ ಕೋವಿಡ್ ಕಾರಣಕ್ಕೆ ಮೈದಾನ ಖಾಲಿ ಉಳಿಯಿತು. 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಮತ್ತೆ ಚಾಲನೆ ಕೊಟ್ಟಿತು. 2024ರಲ್ಲಿ ಅಲ್ಲೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ಕುಟುಂಬಗಳು ಹೆಸರು ಕೊಟ್ಟವು.

ಇಷ್ಟು ತಂಡಗಳು ಇಳಿದಾಗ ಮೊದಲ ಸುತ್ತುಗಳಲ್ಲಿ ಜೋಡಿ ಸರಿಸಮ ಆಗುವುದಿಲ್ಲ. ಒಂದು ಕಡೆ ರಾಜ್ಯ ತಂಡದಲ್ಲೋ ಸರ್ವಿಸಸ್ ತಂಡದಲ್ಲೋ ಆಡಿದ ಮೂರು ನಾಲ್ಕು ಜನ ಇರುತ್ತಾರೆ. ಇನ್ನೊಂದು ಕಡೆ ಹೈಸ್ಕೂಲಿನ ಹುಡುಗ, ಅವನ ಚಿಕ್ಕಮ್ಮ, ನಿವೃತ್ತ ಸುಬೇದಾರರಾದ ದೊಡ್ಡಪ್ಪ ಒಂದೇ ಜರ್ಸಿಯಲ್ಲಿ ನಿಂತಿರುತ್ತಾರೆ. ಬೆನ್ನ ಮೇಲೆ ಒಂದೇ ಮನೆತನದ ಹೆಸರು. ಇಂಥ ಪಂದ್ಯದಲ್ಲಿ ದೊಡ್ಡ ಅಂಕಿ ಬಂದರೆ ಅದಕ್ಕೆ ಅಭ್ಯಾಸದ ವ್ಯತ್ಯಾಸವೇ ಕಾರಣ. ಅಲ್ಲಿ ನೋಡಬೇಕಾದ್ದು ಆ ದೊಡ್ಡಪ್ಪ ಚೆಂಡನ್ನು ಹೇಗೆ ತಡೆಯುತ್ತಾರೆ, ಹುಡುಗನಿಗೆ ಹೇಗೆ ದಾಟಿಸುತ್ತಾರೆ ಎನ್ನುವುದನ್ನು. ಕ್ವಾರ್ಟರ್ ಫೈನಲ್ ಮೇಲೆ, ಎರಡು ಬಲಿಷ್ಠ ಕುಟುಂಬಗಳ ನಡುವೆ ಅದೇ ಅಂಕಿ ಬಂದರೆ ಮಾತು ಬೇರೆ. ಅಲ್ಲಿ ಪ್ರತಿ ಗೋಲಿನ ಹಿಂದೆ ಒಂದು ಯೋಚನೆ ಇರುತ್ತದೆ.

ಗೋಲು ಒಂದರ ಹಿಂದೆ ಒಂದು ಏಕೆ ಬರುತ್ತದೆ?

ಹಾಕಿಯಲ್ಲಿ ಎಲ್ಲಿಂದಲೋ ಬೀಸಿ ಹೊಡೆದು ಗೋಲು ಗಳಿಸಲಾಗದು. ಗೋಲಿನ ಮುಂದೆ 14.63 ಮೀಟರ್ ಅಳತೆಯಲ್ಲಿ ಎಳೆದ ಗೆರೆಯೊಳಗೆ, ಅಂದರೆ ‘ಡಿ’ ಆವರಣದೊಳಗೆ, ದಾಳಿ ಮಾಡುವ ತಂಡದ ಸ್ಟಿಕ್ ಚೆಂಡಿಗೆ ತಾಗಿರಲೇಬೇಕು. ಹಾಗಾಗಿ ಚೆಂಡು ಡಿ ಒಳಗೆ ಎಷ್ಟು ಸಲ ಬಂತು, ಯಾವ ಬದಿಯಿಂದ ಬಂತು ಎಂದು ಮನಸ್ಸಿನಲ್ಲೇ ಲೆಕ್ಕ ಇಡಿ. ಒಂದೇ ಬದಿಯಿಂದ ಮತ್ತೆ ಮತ್ತೆ ಬರುತ್ತಿದ್ದರೆ ಆ ಬದಿಯ ರಕ್ಷಣೆ ಸೋತಿದೆ ಎಂದೇ ಅರ್ಥ. ಗೋಲು ಬೀಳುವ ಮೊದಲೇ ನಿಮಗದು ಗೊತ್ತಾಗಿರುತ್ತದೆ.

ಎರಡು ಗೋಲಿನ ಹಿನ್ನಡೆಯಲ್ಲಿರುವ ತಂಡ ಸುಮ್ಮನೆ ಹಿಂದೆ ನಿಂತು ಕಾಯಲಾರದು. ನಡುಸಾಲಿನ ಹಾಫ್ ಆಟಗಾರರು ಮುಂದೆ ನುಗ್ಗುತ್ತಾರೆ, ಬೆನ್ನ ಹಿಂದೆ ಬಯಲು ತೆರೆದುಕೊಳ್ಳುತ್ತದೆ. ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ಹೋದದ್ದರಿಂದ ಎದುರಾಳಿಯ ಒಬ್ಬ ಫಾರ್ವರ್ಡ್ ಆ ಬಯಲಿನಲ್ಲಿ ಕಾದು ನಿಲ್ಲಬಹುದು. ಮಧ್ಯದಲ್ಲಿ ಚೆಂಡು ಕೈತಪ್ಪಿತೋ, ಒಂದೇ ಉದ್ದದ ಪಾಸ್‌ಗೆ ಅವನು ಗೋಲ್‌ಕೀಪರ್ ಎದುರು ಒಂಟಿಯಾಗಿ ಓಡುತ್ತಿರುತ್ತಾನೆ. ಎರಡು ಇದ್ದದ್ದು ಐದಾಗುವುದು ಹೀಗೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಭಾರತದ ಪರ ಆಡುವಾಗ ಇಂಥ ಬಯಲು ಸಿಕ್ಕರೆ ಅವರ ವೇಗಕ್ಕೆ ರಕ್ಷಕರು ಬೆಚ್ಚುತ್ತಿದ್ದರು.

ಆದ್ದರಿಂದ ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಆಗಾಗ ಮೈದಾನದ ನಡುವೆ ನೋಡಿ. ಗೋಲು ಹೊಡೆದವನ ಹೆಸರನ್ನು ವೀಕ್ಷಕ ವಿವರಣೆಯವರು ಹೇಳುತ್ತಾರೆ, ಚೆಂಡನ್ನು ಕಸಿದು ಕೊಟ್ಟವನನ್ನು ನೀವೇ ಗುರುತಿಸಬೇಕು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್‌ನಲ್ಲಿ ನಾಯಕರಾಗಿದ್ದ ಮನೆಯಪಂಡ ಸೋಮಯ್ಯ ಹಾಫ್ ಆಟಗಾರರೇ. ಕೊಡಗಿನ ಹಿರಿಯರು ಪಂದ್ಯ ನೋಡುವಾಗ ಮೊದಲು ಹಾಫ್ ಲೈನ್ ಕಡೆ ಕಣ್ಣು ಹಾಯಿಸುವುದು ಸುಮ್ಮನೆ ಅಲ್ಲ.

ಒಂದು ಪೆನಾಲ್ಟಿ ಕಾರ್ನರ್, ಹತ್ತಿರದಿಂದ

ಅಂಪೈರ್ ಎರಡೂ ಕೈ ಗೋಲಿನ ಕಡೆ ಚಾಚಿದರೆ ಮಾತು ನಿಲ್ಲಿಸಿ, ಬ್ಯಾಕ್‌ಲೈನ್ ನೋಡಿ. ಗೋಲ್‌ಕೀಪರ್ ಸೇರಿ ಐವರು ರಕ್ಷಕರು ಗೆರೆಯ ಹಿಂದೆ ನಿಲ್ಲುತ್ತಾರೆ. ಅವರ ಉಳಿದ ಜೊತೆಗಾರರು ಮಧ್ಯಗೆರೆಯ ಆಚೆ. ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಲ್ಲಿ ಒಬ್ಬ ಬಗ್ಗಿ ಚೆಂಡು ತಳ್ಳುತ್ತಾನೆ. ಡಿ ಗೆರೆಯಲ್ಲಿ ಕಾದಿರುವ ಇನ್ನೊಬ್ಬ ಅದನ್ನು ತಡೆದು ನಿಲ್ಲಿಸಬೇಕು. ಚೆಂಡು ಒಮ್ಮೆ ಡಿ ದಾಟಿ ಹೊರಗೆ ಬಂದಿರಬೇಕು, ಆಮೇಲೆ ಒಳಗೆ ಎಳೆದುಕೊಂಡು ಹೊಡೆತ. ಮೊದಲ ಹೊಡೆತ ಬೀಸುಹೊಡೆತವಾದರೆ ಗೋಲಿನೊಳಗಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ಮೀರುವಂತಿಲ್ಲ. ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಕಟ್ಟಳೆ ಇಲ್ಲ, ಮೇಲಿನ ಮೂಲೆಗೂ ಎಸೆಯಬಹುದು.

ಈಗ ಗೆರೆಯ ಹಿಂದಿನಿಂದ ಚಿಮ್ಮುವ ಮೊದಲ ರಕ್ಷಕನನ್ನು ನೋಡಿ. ಚೆಂಡು ಅಲುಗಿದ ಕ್ಷಣಕ್ಕೆ ಅವನು ಹೊಡೆಯುವವನ ಕಡೆಗೆ ನೇರವಾಗಿ ಓಡುತ್ತಾನೆ, ಸ್ಟಿಕ್ ನೆಲಕ್ಕೆ ತಾಗಿರುತ್ತದೆ, ಮೈ ಚೆಂಡಿನ ದಾರಿಯಲ್ಲೇ ಇರುತ್ತದೆ. ಹುಲ್ಲಿನ ಮೈದಾನದಲ್ಲಿ ಚೆಂಡು ಯಾವಾಗ ಪುಟಿಯುತ್ತದೋ ಹೇಳಲಾಗದು. ಆರು ಗೋಲು ಹಿಂದಿರುವ ತಂಡದ ಹುಡುಗ ಏಳನೆಯ ಕಾರ್ನರ್‌ಗೂ ಅದೇ ವೇಗದಲ್ಲಿ ಓಡಿದರೆ, ಆ ಮಧ್ಯಾಹ್ನದ ದೊಡ್ಡ ಆಟ ಅವನದೇ. ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್ ಫ್ಲಿಕ್ ನಿಪುಣರನ್ನು ದೇಶಕ್ಕೆ ಕೊಟ್ಟ ನಾಡಿದು. ಹೊಡೆತಕ್ಕೆ ಚಪ್ಪಾಳೆ ಸಿಕ್ಕೇ ಸಿಗುತ್ತದೆ. ಎದುರು ಓಡಿದವನಿಗೂ ಕೊಡಿ.

10–2 ಮತ್ತು 1–7

ದೊಡ್ಡ ಅಂಕಿಯನ್ನು ಓದುವ ಅಭ್ಯಾಸಕ್ಕೆ ಎರಡು ಪಂದ್ಯಗಳನ್ನು ಜೊತೆಗಿಟ್ಟು ನೋಡಬೇಕು. 2023ರ ಸೆಪ್ಟೆಂಬರ್ 30ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಪಾಕಿಸ್ತಾನವನ್ನು 10–2ರಿಂದ ಸೋಲಿಸಿತು. ನಾಯಕ ಹರ್ಮನ್‌ಪ್ರೀತ್ ಸಿಂಗ್ ನಾಲ್ಕು ಗೋಲು ಗಳಿಸಿದರು. ಆ ದಿನದ ಹಿಗ್ಗು ನನ್ನಲ್ಲಿ ಇನ್ನೂ ಇಳಿದಿಲ್ಲ. ಆದರೆ ಅಂಕಿಯನ್ನು ಬಿಡಿಸಿ ನೋಡಿ. ವಿರಾಮದ ಹೊತ್ತಿಗೆ 4–0. ವಿರಾಮದ ನಂತರ 33 ಮತ್ತು 34ನೇ ನಿಮಿಷಗಳಲ್ಲಿ, ಒಂದರ ಬೆನ್ನಿಗೆ ಇನ್ನೊಂದು, ನಾಯಕನಿಂದಲೇ ಎರಡು ಗೋಲು. ಪಂದ್ಯ ಕೈಬಿಟ್ಟುಹೋದದ್ದು ಅಲ್ಲಿ. ಆದರೂ ಪಾಕಿಸ್ತಾನ ಮೂರನೇ ಕ್ವಾರ್ಟರ್‌ನಲ್ಲೇ ಎರಡು ಗೋಲು ಹೊಡೆಯಿತು. ಹತ್ತರ ಎದುರು ಆ ಎರಡನ್ನೂ ನೆನಪಿಟ್ಟವನಿಗೆ ಪಂದ್ಯ ಪೂರ್ತಿ ದಕ್ಕುತ್ತದೆ.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇದೇ ಪಾಕಿಸ್ತಾನ ಭಾರತವನ್ನು 7–1ರಿಂದ ಮಣಿಸಿತ್ತು. ಜನ ಇಡೀ ಸೋಲನ್ನು ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಅವರೊಬ್ಬರ ತಲೆಗೆ ಕಟ್ಟಿದರು, ಅವರ ದೇಶಪ್ರೇಮವನ್ನೇ ಶಂಕಿಸಿದರು. ಏಳು ಸಲ ಚೆಂಡು ಡಿ ಒಳಗೆ ಬರಲು ಬಿಟ್ಟವರು ಯಾರು ಎಂದು ಕೇಳಿದವರು ಕಡಿಮೆ. ಅಂಕಿಯನ್ನಷ್ಟೇ ನೋಡುವ ಕಣ್ಣು ಎಂಥ ಅನ್ಯಾಯ ಮಾಡಬಲ್ಲದು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆಟವನ್ನು ಓದಲು ಕಲಿಯುವುದು ರುಚಿಗಾಗಿ ಮಾತ್ರವಲ್ಲ, ನ್ಯಾಯಕ್ಕಾಗಿ ಕೂಡ.

ಎದುರಾಳಿ ಎಂದರೆ ಯಾರು?

ಕೊಡವರಲ್ಲಿ ಒಂದೇ ಒಕ್ಕದೊಳಗೆ, ಅಂದರೆ ಒಂದೇ ಮನೆತನದೊಳಗೆ, ಮದುವೆ ಇಲ್ಲ. ಹಾಗಾಗಿ ಎದುರು ಬಂದ ತಂಡ ನಿಮ್ಮ ತಾಯಿಯ ತವರಾಗಿರಬಹುದು, ಅಕ್ಕ ಸೇರಿದ ಮನೆಯಾಗಿರಬಹುದು. ಗ್ಯಾಲರಿಯಲ್ಲಿ ಕುಳಿತ ಒಬ್ಬ ತಾಯಿಗೆ ಒಂದು ಕಡೆ ಮಗ, ಇನ್ನೊಂದು ಕಡೆ ತಮ್ಮನ ಮಗ. ಯಾರು ಗೋಲು ಹೊಡೆದರೂ ಆಕೆ ಎದ್ದು ನಿಲ್ಲುತ್ತಾಳೆ. ಹಾಗೆಂದು ಪೈಪೋಟಿಗೆ ಇಲ್ಲಿ ಕೊರತೆಯಿಲ್ಲ. ಹಿಂದಿನ ವರ್ಷ ತಮ್ಮನ್ನು ಸೋಲಿಸಿದ ಮನೆಯನ್ನು ಈ ವರ್ಷ ಸೋಲಿಸಲೇಬೇಕೆಂಬ ಹಟ ವರ್ಷವಿಡೀ ಮದುವೆ ಮನೆಗಳಲ್ಲಿ ಮಾತಾಗಿರುತ್ತದೆ. ಅದು ಜೋರಾಗಿಯೇ ಇರಲಿ.

ಹೊಸಬರು ಪಾಲಿಸಬೇಕಾದ ರೀತಿ ಇಷ್ಟೇ. ನಿಮ್ಮ ತಂಡ ಗೋಲು ಹೊಡೆದಾಗ ಮನಸಾರೆ ಕೂಗಿ. ಎದುರಾಳಿಯ ಗೋಲ್‌ಕೀಪರ್ ಒಳ್ಳೆಯ ಚೆಂಡು ತಡೆದರೆ ಆಗಲೂ ಕೂಗಿ. ತಪ್ಪು ಮಾಡಿದ ಹುಡುಗನ ಹೆಸರು ಹಿಡಿದು ಕೂಗಬೇಡಿ, ಅವನ ಅಜ್ಜಿ ನಿಮ್ಮ ಪಕ್ಕದಲ್ಲೇ ಕುಳಿತಿರಬಹುದು. ಕೊನೆಯ ಹತ್ತು ನಿಮಿಷ ಎದ್ದು ಹೋಗಬೇಡಿ. ಸೋಲು ಖಚಿತವಾದ ಮೇಲೂ ಒಂದು ತಂಡ ಹೇಗೆ ಆಡುತ್ತದೆ ಎನ್ನುವುದು ಆಗಲೇ ಗೊತ್ತಾಗುವುದು. ಆ ಹತ್ತು ನಿಮಿಷದಲ್ಲಿ ಬಂದ ಒಂದೇ ಒಂದು ಗೋಲಿಗೆ ಎರಡೂ ಕಡೆಯವರು ಚಪ್ಪಾಳೆ ತಟ್ಟಿದರೆ, ಹಬ್ಬ ಎಂದರೆ ಏನೆಂದು ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಸಾಧ್ಯವಾದರೆ ಮೊದಲಾರ್ಧ ಗೋಲಿನ ಹಿಂಬದಿ, ದ್ವಿತೀಯಾರ್ಧ ಮೈದಾನದ ಪಕ್ಕ ನಿಂತು ನೋಡಿ. ಹಿಂದಿನಿಂದ ಹೊಡೆತ ಕಾಣುತ್ತದೆ, ಪಕ್ಕದಿಂದ ಕಟ್ಟಿದ ಆಟ ಕಾಣುತ್ತದೆ. ಮನೆಗೆ ಹೋದಾಗ ಯಾರಾದರೂ ‘ಎಷ್ಟು ಗೋಲು?’ ಎಂದು ಕೇಳುತ್ತಾರೆ. ಅಂಕಿ ಹೇಳಿ. ಅಷ್ಟಕ್ಕೆ ನಿಲ್ಲಿಸದೆ ಒಂದು ಗೋಲನ್ನಾದರೂ ಮೊದಲ ಪಾಸ್‌ನಿಂದ ಹಿಡಿದು ಪೂರ್ತಿ ವಿವರಿಸಿ. ಆ ವಿವರಣೆಯಲ್ಲಿ ಸೋತ ತಂಡದ ಒಬ್ಬ ಆಟಗಾರನ ಹೆಸರು ಮೆಚ್ಚುಗೆಯಿಂದ ಬಂದರೆ ನೀವು ಹಾಕಿಯ ರಸಿಕರಾದಿರಿ ಎಂದೇ ಲೆಕ್ಕ. ಮುಂದಿನ ಏಪ್ರಿಲ್‌ನಲ್ಲಿ ನಿಮ್ಮನ್ನು ಯಾರೂ ಕರೆಯಬೇಕಾಗುವುದಿಲ್ಲ, ನೀವೇ ಬರುತ್ತೀರಿ.